ನೋವಾ, ನೋಹ, ನೂಹ್: ಈ ಹೀಬ್ರೂ ಹೆಸರಿನ ಅರ್ಥವೇನು, ಕನ್ನಡದಲ್ಲಿ ಹೇಗೆ ಬರೆಯೋದು?

ತೊಟ್ಟಿಲು ಕೇಳಿದ್ದು:

ಗಂಡು ಮಗುವಿಗೆ ಹೆಸರು ನೋಡ್ತಾ ಇದ್ದೇವೆ. ಇಂಗ್ಲಿಷಿನಲ್ಲಿ ಎನ್-ಓ-ಎ-ಎಚ್ ಅಂತ ಬರೆಯುವ ಹೆಸರು ಎರಡೂ ಮನೆಯವರಿಗೆ ಹಿಡಿಸಿದೆ. ಒಂದು ಕಡೆಯವರು ಕನ್ನಡದವರು, ಇನ್ನೊಂದು ಕಡೆಯವರು ಇಂಗ್ಲೆಂಡಿನವರು. ಕೆಲವು ಅನುಮಾನ ಉಳಿದಿವೆ, ತಿಳಿದವರು ಹೇಳಿ.

ಹೆಸರಿನ ಜಾಲತಾಣಗಳಲ್ಲಿ ಒಂದು ಕಡೆ ‘ವಿಶ್ರಾಂತಿ’ ಅಂತಿದೆ, ಮತ್ತೊಂದು ಕಡೆ ‘ಸಾಂತ್ವನ’, ಮತ್ತೊಂದರಲ್ಲಿ ‘ದೀರ್ಘಾಯುಷಿ’. ಯಾವುದು ನಿಜವಾದ ಅರ್ಥ? ಇಸ್ರೇಲಿನಲ್ಲಿ ಇದು ಹೆಣ್ಣುಮಕ್ಕಳ ಹೆಸರು ಅಂತಾರಲ್ಲ, ಹೌದಾ? ಇಂಗ್ಲೆಂಡಿನಲ್ಲಿ ತೀರಾ ಮಾಮೂಲಿ ಹೆಸರಾಗಿ, ಒಂದೇ ತರಗತಿಯಲ್ಲಿ ನಾಲ್ಕು ನಾಲ್ಕು ಜನ ಇರ್ತಾರಾ? ಕೊನೆಯದು ಎಲ್ಲಕ್ಕಿಂತ ಮುಖ್ಯ: ಕನ್ನಡದಲ್ಲಿ ‘ನೋವಾ’ ಅಂತ ಬರೆದರೆ ಹಿರಿಯರಿಗೆ ‘ನೋವು’ ಅಂತಲೇ ಕೇಳಿಸುತ್ತೆ. ಇದಕ್ಕೆ ದಾರಿ ಇದೆಯಾ?

ಬೇರುಸೊಲ್ಲು ಉತ್ತರ:

ಅರ್ಥದ ವಿಷಯ ಹೇಳ್ತೀನಿ. ಉಳಿದದ್ದನ್ನು ಬೇರೆಯವರು ಹೇಳಲಿ.

ಹೀಬ್ರೂವಿನಲ್ಲಿ ಈ ಹೆಸರಿಗೆ ಎರಡೇ ಅಕ್ಷರ: ನೂನ್, ಹೆತ್. ನೂನ್ ನಮ್ಮ ‘ನ’. ಹೆತ್ ಗಂಟಲಿನಿಂದ ಬರುವ ಧ್ವನಿ, ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. ಈಗಿನ ಇಸ್ರೇಲಿನಲ್ಲಿ ಹೆಚ್ಚಿನವರು ಅದನ್ನು ಗಂಟಲು ಉಜ್ಜುವ ‘ಖ್’ ಥರ ಹೇಳ್ತಾರೆ. ಯೆಮೆನ್ ಕಡೆಯಿಂದ ಬಂದ ಯೆಹೂದಿಗಳ ಹಳೆಯ ಉಚ್ಚಾರದಲ್ಲಿ ಅದು ಆಳದಿಂದ ಬರುವ ‘ಹ್’. ಹೆತ್ ಅಕ್ಷರದ ಕೆಳಗೆ ಅಕಾರ ಸೂಚಿಸುವ ಸಣ್ಣ ಅಡ್ಡಗೆರೆ ಇರುತ್ತೆ. ಸಾಮಾನ್ಯವಾಗಿ ಸ್ವರದ ಗುರುತನ್ನು ವ್ಯಂಜನದ ನಂತರ ಓದಬೇಕು. ಆದರೆ ಪದದ ಕೊನೆಯ ಹೆತ್ ಕೆಳಗೆ ಅಕಾರ ಬಂದರೆ ಮಾತ್ರ ಅದನ್ನು ಮೊದಲು ಹೇಳಿ, ಆಮೇಲೆ ವ್ಯಂಜನ ಹೇಳ್ತಾರೆ. ಹಾಗಾಗಿ ಉಚ್ಚಾರ ‘ನೋಖ’ ಅಲ್ಲ, ‘ನೋಅಖ್’. ಇಂಗ್ಲಿಷಿನವರು ಕೊನೆಯ ಗಂಟಲ ಧ್ವನಿಯನ್ನು ಬಿಟ್ಟು ‘ನೋಅ’ ಅಂತ ನಿಲ್ಲಿಸಿದರು. ಬರವಣಿಗೆಯ ಕೊನೆಯಲ್ಲಿ ಉಳಿದಿರುವ ಎಚ್ ಆ ಹೆತ್‌ನ ನೆರಳು.

ಧಾತುವಿನ ಪ್ರಕಾರ ಅರ್ಥ ವಿಶ್ರಾಂತಿ. ಆದರೆ ದಣಿದು ಮಲಗುವ ವಿಶ್ರಾಂತಿಯಲ್ಲ. ಆ ಧಾತುವಿನ ಮೂಲಭಾವ ‘ಒಂದೆಡೆ ಇಳಿದು ನೆಲೆಯಾಗುವುದು’. ನಮ್ಮ ‘ತಂಗು’ ಕ್ರಿಯಾಪದ ಇದಕ್ಕೆ ಬಹಳ ಹತ್ತಿರ.

‘ಸಾಂತ್ವನ’ ಎಲ್ಲಿಂದ ಬಂತು? ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 5ನೇ ಅಧ್ಯಾಯದ 29ನೇ ವಚನದಿಂದ. ಜಲಪ್ರಳಯದಲ್ಲಿ ನಾವೆ ಕಟ್ಟಿ ಉಳಿದುಕೊಂಡ ನೋಅಖ್‌ನ ಕಥೆ ಇರುವುದು ಆ ಪುಸ್ತಕದಲ್ಲೇ. ತಂದೆ ಲೆಮೆಕ ಮಗನಿಗೆ ಹೆಸರಿಡುವಾಗ, ಶಾಪ ತಗುಲಿದ ನೆಲದಲ್ಲಿ ನಾವು ಪಡುವ ದುಡಿಮೆಯಿಂದ ಈತ ನಮ್ಮನ್ನು ಸಂತೈಸುತ್ತಾನೆ ಅನ್ನುತ್ತಾನೆ. ಅಲ್ಲಿರುವ ಕ್ರಿಯಾಪದ ‘ಯೆನಖಮೇನು’. ಅದರ ಧಾತು ನೂನ್-ಹೆತ್-ಮೇಮ್, ಸಂತೈಸು ಅನ್ನುವ ಅರ್ಥದ್ದು. ಹೆಸರಿನ ಧಾತುವೇ ಬೇರೆ, ಅದರಲ್ಲಿ ಮೇಮ್ ಇಲ್ಲ. ಅಂದರೆ ಲೆಮೆಕನ ಮಾತು ವ್ಯಾಕರಣದ ವಿವರಣೆಯಲ್ಲ, ಧ್ವನಿ ಹೋಲಿಕೆಯ ಮೇಲೆ ಕಟ್ಟಿದ ಹಾರೈಕೆ. ಕ್ರಿ.ಪೂ. 3ನೇ ಶತಮಾನದಲ್ಲಿ ಗ್ರೀಕ್‌ಗೆ ಅನುವಾದ ಮಾಡಿದವರಿಗೂ ಇದು ಕಂಡಿತ್ತು. ಅವರು ಆ ವಚನದಲ್ಲಿ ‘ನಮಗೆ ವಿಶ್ರಾಂತಿ ಕೊಡುವನು’ ಅಂತಲೇ ಬರೆದರು. ಹೀಗಾಗಿ ಎರಡೂ ಅರ್ಥ ಹಳೆಯವೇ. ಪದದ ಬೇರು ವಿಶ್ರಾಂತಿ, ತಂದೆಯ ಬಾಯಿಂದ ಬಂದ ಆಶಯ ಸಾಂತ್ವನ.

ಸಾಂತ್ವನದ ಅರ್ಥವೇ ಬೇಕು ಅನ್ನುವವರಿಗೆ ಆ ಧಾತುವಿನಿಂದಲೇ ಹುಟ್ಟಿದ ಹೆಸರುಗಳು ಬೇರೆ ಇವೆ: ಮೆನಾಖೆಮ್, ನಖೂಮ್, ನೆಖೆಮ್ಯಾ. ಕೊನೆಯ ಎರಡು ಕನ್ನಡ ಬೈಬಲ್ಲಿನಲ್ಲಿ ನಹೂಮ, ನೆಹೆಮೀಯ.

‘ದೀರ್ಘಾಯುಷಿ’ ಅರ್ಥವೇ ಅಲ್ಲ. ಆದಿಕಾಂಡದಲ್ಲಿ ಆತ 950 ವರ್ಷ ಬದುಕಿದ ಅಂತಿದೆ, ಯಾರೋ ಅದನ್ನು ಹೆಸರಿನ ಅರ್ಥ ಮಾಡಿಬಿಟ್ಟಿದ್ದಾರೆ.

ಇನ್ನೊಂದು ಹೇಳಲೇಬೇಕು, ಈ ಹೆಸರಿನ ನಿಜವಾದ ಸೊಗಸು ಅಲ್ಲಿದೆ. ಮೂಲದಲ್ಲಿ ಜಲಪ್ರಳಯದ ಕಥೆ ಉದ್ದಕ್ಕೂ ಈ ಎರಡು ಅಕ್ಷರ ಹಿಡಿದು ಆಡುತ್ತೆ. 6:8ರಲ್ಲಿ ನೋಅಖ್ ದೇವರ ಕಣ್ಣಿಗೆ ‘ಖೆನ್’ ಪಡೆದ, ಅಂದರೆ ದಯೆಗೆ ಪಾತ್ರನಾದ. ಖೆನ್ ಬರೆಯುವುದು ಹೆತ್, ನೂನ್. ಅವನದೇ ಹೆಸರು ತಿರುವು ಮುರುವು. 8:4ರಲ್ಲಿ ನಾವೆ ಅರರಾಟ್ ಬೆಟ್ಟಗಳ ಮೇಲೆ ನಿಂತಿತು ಅನ್ನಲು ‘ವತ್ತಾನಖ್’. 8:9ರಲ್ಲಿ ಪಾರಿವಾಳಕ್ಕೆ ಕಾಲೂರಲು ಜಾಗ ಸಿಗಲಿಲ್ಲ, ಆ ಜಾಗಕ್ಕೆ ‘ಮಾನೋಅಖ್’. 8:21ರಲ್ಲಿ ಬಲಿಯ ಸುವಾಸನೆಗೆ ‘ನೀಖೋಅಖ್’. ಮೂರೂ ಅದೇ ಬೇರು. ಅನುವಾದದಲ್ಲಿ ಇದೆಲ್ಲ ಕಳೆದುಹೋಗುತ್ತೆ. ಮಗು ದೊಡ್ಡವನಾದ ಮೇಲೆ ಅವನಿಗೆ ಹೇಳಿಕೊಡುವುದಕ್ಕೆ ಇದಕ್ಕಿಂತ ಒಳ್ಳೆಯದು ಏನಿದೆ?

ಹೆಣ್ಣಿನ ಹೆಸರಿನ ಪ್ರಶ್ನೆ: ಅದು ಬೇರೆಯದೇ ಹೆಸರು. ನೂನ್, ಅಯಿನ್, ಹೇ ಅನ್ನುವ ಮೂರಕ್ಷರದ ‘ನೋಆ’. ಧಾತುವಿನ ಅರ್ಥ ಚಲನೆ, ಅಂದರೆ ಹೆಚ್ಚು ಕಡಿಮೆ ವಿರುದ್ಧ. ಬೈಬಲ್ಲಿನ ಅರಣ್ಯಕಾಂಡದ 27ನೇ ಅಧ್ಯಾಯದಲ್ಲಿ ತಂದೆಯ ಆಸ್ತಿಯಲ್ಲಿ ಪಾಲು ಕೇಳಿ ಗೆದ್ದ ಐವರು ಅಕ್ಕತಂಗಿಯರಲ್ಲಿ ಒಬ್ಬಳ ಹೆಸರು ಅದು. ಹಳೆಯ ಇಂಗ್ಲಿಷ್ ಬೈಬಲ್ಲುಗಳಲ್ಲಿ ಎರಡಕ್ಕೂ ಒಂದೇ ಸ್ಪೆಲಿಂಗ್ ಹಾಕಿದ್ದರಿಂದ ಗೊಂದಲವಾಯಿತು. ಇಸ್ರೇಲಿನಲ್ಲಿ ನೋಆ ಹೆಣ್ಣುಮಕ್ಕಳ ಅತಿ ಜನಪ್ರಿಯ ಹೆಸರುಗಳಲ್ಲಿ ಒಂದು. ನೋಅಖ್ ಅಲ್ಲಿ ಹಿರಿಯರ ಹೆಸರಿನ ಹಾಗೆ ಕೇಳಿಸುತ್ತೆ. ಅಲ್ಲಿಗೆ ಹೋದಾಗ ಬಾಯಲ್ಲಿ ‘ನೋಅ’ ಅಂದರೆ ಕೇಳಿದವರು ಹುಡುಗಿ ಅಂದುಕೊಳ್ಳೋದು ಸಹಜ. ಹೀಬ್ರೂವಿನಲ್ಲಿ ಬರೆಸುವ ಸಂದರ್ಭ ಬಂದರೆ ನೂನ್-ಹೆತ್ ಅಂತ ಎರಡೇ ಅಕ್ಷರ ಬರೆಸಿ, ಗೊಂದಲ ಅಲ್ಲಿಗೆ ಮುಗಿಯುತ್ತೆ.

ಅಂಕಿಸಾಲು ಉತ್ತರ:

ಜನಪ್ರಿಯತೆ ಬಗ್ಗೆ. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯೂರಿಟಿ ಇಲಾಖೆ 1880ರಿಂದ ಈಚಿನ ಹೆಸರುಗಳ ಪಟ್ಟಿ ಕೊಡುತ್ತೆ. 1999ರಿಂದ 2012ರವರೆಗೆ ಗಂಡುಮಕ್ಕಳಲ್ಲಿ ಜೇಕಬ್ ಮೊದಲು. 2013ರಿಂದ 2016ರವರೆಗೆ ನಾಲ್ಕು ವರ್ಷ ನೋವಾ ಮೊದಲು. 2017ರಲ್ಲಿ ಲಿಯಮ್ ಮೇಲೆ ಬಂತು, 2024ರ ತನಕವೂ ಲಿಯಮ್ ಮೊದಲು, ನೋವಾ ಎರಡನೆಯದು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರಲ್ಲಿ ಆಲಿವರನ್ನು ಹಿಂದೆ ಹಾಕಿ ಮೊದಲಾಯಿತು, 2022ರಲ್ಲೂ ಮೊದಲು. 2023ರಲ್ಲಿ 4,661 ಮಕ್ಕಳೊಂದಿಗೆ ಮುಹಮ್ಮದ್ ಮೊದಲು, 4,382 ಮಕ್ಕಳೊಂದಿಗೆ ನೋವಾ ಎರಡನೆಯದು. ಈ ಪಟ್ಟಿಗಳನ್ನು ಓದುವಾಗ ಒಂದು ಗಮನಿಸಿ: ಅಲ್ಲಿನ ಅಂಕಿಅಂಶ ಕಚೇರಿ ಒಂದೊಂದು ಸ್ಪೆಲಿಂಗನ್ನೂ ಬೇರೆ ಹೆಸರಾಗಿ ಎಣಿಸುತ್ತೆ. ಮುಹಮ್ಮದ್ ಹೆಸರಿಗೆ ಮೂರ್ನಾಲ್ಕು ಸ್ಪೆಲಿಂಗ್ ಇರುವುದರಿಂದ ಅದು ಹಂಚಿಹೋಗುತ್ತೆ. ನೋವಾಗೆ ಇಂಗ್ಲಿಷಿನಲ್ಲಿ ಹೆಚ್ಚು ಕಡಿಮೆ ಒಂದೇ ಸ್ಪೆಲಿಂಗ್, ಹಾಗಾಗಿ ಅದರ ಸ್ಥಾನ ಮೇಲೆ ಕಾಣುತ್ತೆ. ಸ್ಥಾನ ನೋಡಿ ಹೆದರುವುದು ಬೇಡ, ಪಾಲು ನೋಡಿ.

ಲೆಕ್ಕ ಹೀಗೆ. ಆ ವರ್ಷ ಅಲ್ಲಿ ಹುಟ್ಟಿದ ಗಂಡುಮಕ್ಕಳು ಸುಮಾರು 3 ಲಕ್ಷ. ಅದರಲ್ಲಿ 4,382 ಅಂದರೆ ಸಾವಿರಕ್ಕೆ 14ರಿಂದ 15. ನಿಮ್ಮ ಮಗನ ಜತೆ ತರಗತಿಯಲ್ಲಿ ಇನ್ನೂ 15 ಹುಡುಗರಿದ್ದಾರೆ ಅಂದುಕೊಂಡರೆ, ಅವರಲ್ಲಿ ಇನ್ನೊಬ್ಬ ನೋವಾ ಇರುವ ಸಾಧ್ಯತೆ ಶೇಕಡಾ 20ರ ಆಸುಪಾಸು. ಅಂದರೆ ಐದು ತರಗತಿಯಲ್ಲಿ ಒಂದರಲ್ಲಿ. ನಾಲ್ಕು ಜನ ಒಟ್ಟಿಗೆ ಸಿಗುವುದು ತೀರಾ ಅಪರೂಪ. ಮೊದಲ ಸ್ಥಾನಕ್ಕೆ ಹಿಂದೆ ಇದ್ದ ತೂಕ ಈಗಿಲ್ಲ. 1880ರ ಅಮೆರಿಕದ ಪಟ್ಟಿಯಲ್ಲಿ ನೂರು ಹುಡುಗರಲ್ಲಿ ಎಂಟು ಜನ ಜಾನ್. ನೋವಾ ಮೊದಲ ಸ್ಥಾನದಲ್ಲಿದ್ದ ವರ್ಷಗಳಲ್ಲೂ ನೂರಕ್ಕೆ ಒಬ್ಬನ ಲೆಕ್ಕ.

ಹೆಸರು ಹಳೆಯದು, ಅಲೆ ಹೊಸದು. ಬೈಬಲ್ಲಿನ ಹಳೆಯ ಒಡಂಬಡಿಕೆಯ ಹೆಸರುಗಳನ್ನು ಇಂಗ್ಲಿಷಿನವರಲ್ಲಿ ರೂಢಿಗೆ ತಂದವರು ಪ್ಯೂರಿಟನ್ನರು, ಅಂದರೆ ಇಂಗ್ಲೆಂಡಿನ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟ್ ಕ್ರೈಸ್ತರು. ನಿಘಂಟುಕಾರ ನೋವಾ ವೆಬ್‌ಸ್ಟರ್ 1758ರಲ್ಲಿ ಅವರು ನೆಲೆಸಿದ್ದ ಅಮೆರಿಕದ ಕನೆಕ್ಟಿಕಟ್‌ನಲ್ಲೇ ಹುಟ್ಟಿದವನು. ಈಗಿನ ಅಲೆ 1990ರ ದಶಕದಿಂದ ಈಚಿನದು. ನನ್ನ ಅಭಿಪ್ರಾಯದಲ್ಲಿ ಇದರಲ್ಲಿ ಭಕ್ತಿಗಿಂತ ನಾದದ ಪಾಲು ಹೆಚ್ಚು. ಗಡುಸು ವ್ಯಂಜನ ಇಲ್ಲದ, ಸ್ವರದಲ್ಲಿ ಮುಗಿಯುವ ಗಂಡು ಹೆಸರುಗಳು ಒಟ್ಟಿಗೆ ಮೇಲೆ ಬಂದವು. ಎಲೈಜಾ ಕೂಡ ಅದೇ ಅಲೆಯದು.

ಭಾರತದಲ್ಲಿ ಇಂಥ ಸರ್ಕಾರಿ ಹೆಸರುಪಟ್ಟಿ ಇಲ್ಲ. ‘ಭಾರತದಲ್ಲಿ ಇಷ್ಟನೇ ಸ್ಥಾನ’ ಅಂತ ಯಾವುದಾದರೂ ಜಾಲತಾಣ ಹೇಳಿದರೆ ಅದು ತನ್ನ ಪುಟ ಎಷ್ಟು ಸಲ ತೆರೆದುಕೊಂಡಿದೆ ಅಂತ ಎಣಿಸಿದ್ದಿರಬಹುದು, ಹುಟ್ಟಿದ ಮಕ್ಕಳನ್ನಲ್ಲ.

ಒತ್ತಕ್ಷರ ಉತ್ತರ:

ಕನ್ನಡದ ಪ್ರಶ್ನೆಗೆ ಬರೋಣ. ಇದು ಸಣ್ಣದಲ್ಲ, ಮನೆಯಲ್ಲಿ ದಿನಕ್ಕೆ ಐವತ್ತು ಸಲ ಕೂಗುವ ಹೆಸರು.

ಇಂಗ್ಲಿಷಿನಲ್ಲಿ ‘ನೋ’ ಆದ ಮೇಲೆ ‘ಅ’. ಕನ್ನಡದ ನಾಲಿಗೆ ಎರಡು ಸ್ವರಗಳನ್ನು ಪಕ್ಕಪಕ್ಕ ಬಿಡುವುದಿಲ್ಲ. ಓಕಾರದ ಮುಂದೆ ಸ್ವರ ಬಂದರೆ ನಡುವೆ ವಕಾರ ತಂದುಕೊಳ್ಳುತ್ತೆ. ಶಾಲೆಯಲ್ಲಿ ಓದಿದ ಆಗಮಸಂಧಿ: ಗೋ + ಅನ್ನು = ಗೋವನ್ನು. ಅದೇ ನಿಯಮದಲ್ಲಿ ನೋ + ಆ = ನೋವಾ. ಯಾರೂ ತಪ್ಪು ಮಾಡಿದ್ದಲ್ಲ, ನಮ್ಮ ವ್ಯಾಕರಣ ತನ್ನ ಪಾಡಿಗೆ ಮಾಡಿದ ಕೆಲಸ. ಆದರೆ ಫಲವಾಗಿ ಬಂದ ಪದ ‘ನೋವು + ಆ?’ ಆಗಿ ಕೂತುಬಿಡುತ್ತೆ. ನೆಮ್ಮದಿ ಅನ್ನುವ ಅರ್ಥದ ಹೆಸರು ಕನ್ನಡಕ್ಕೆ ಬಂದಾಗ ನೋವಿನ ಪ್ರಶ್ನೆಯಾಗುತ್ತೆ.

ಒಂಟಿ ಹೆಸರಿಗಿಂತ ವಿಭಕ್ತಿ ಹಚ್ಚಿದಾಗ ತೊಂದರೆ ಹೆಚ್ಚು. ಈ ವಾಕ್ಯಗಳನ್ನು ಗಟ್ಟಿಯಾಗಿ ಹೇಳಿ ನೋಡಿ: ‘ನೋವಾಗೆ ಜ್ವರ ಬಂದಿದೆ’, ‘ನೋವಾಗಿನ್ನೂ ಊಟ ಆಗಿಲ್ಲ’, ‘ನೋವಾ ಎಲ್ಲಿ?’ ಮೂರನೆಯದಕ್ಕೆ ಅಜ್ಜಿ ತಮ್ಮ ಮಂಡಿ ತೋರಿಸಿದರೆ ತಪ್ಪು ಅವರದಲ್ಲ. ಆಸ್ಪತ್ರೆಯಲ್ಲಿ ನರ್ಸ್ ಹೆಸರು ಕೂಗಿದಾಗಲೂ ಇದೇ ಪಾಡು.

ದಾರಿ ಇದೆ, ಹೊಸದಾಗಿ ಹುಡುಕಬೇಕಿಲ್ಲ. ಕನ್ನಡ ಬೈಬಲ್ಲಿನಲ್ಲಿ ಈ ಹೆಸರು ‘ನೋಹ’. ‘ನೋಹನ ನಾವೆ’ ಅಂದರೆ ಕ್ರೈಸ್ತರಲ್ಲದ ಓದುಗರಿಗೂ ಗೊತ್ತಾಗುತ್ತೆ. ಇದರಲ್ಲಿ ಮೂರು ಅನುಕೂಲ ಇದೆ. ಹ ಬಂದದ್ದರಿಂದ ಹೀಬ್ರೂವಿನ ಹೆತ್ ಸ್ವಲ್ಪವಾದರೂ ಉಳಿಯಿತು. ವಕಾರ ಬರಲು ಜಾಗವೇ ಇಲ್ಲ. ಅಕಾರಾಂತ ಪುಲ್ಲಿಂಗವಾದ್ದರಿಂದ ರಾಮ, ಭೀಮರ ಹಾಗೆ ಸಲೀಸಾಗಿ ವಿಭಕ್ತಿ ತಗೊಳ್ಳುತ್ತೆ: ನೋಹನು, ನೋಹನನ್ನು, ನೋಹನಿಗೆ, ನೋಹನ. ಮಾತಿನಲ್ಲಿ ನೋಹಂಗೆ, ನೋಹನ್ನ. ಕೂಗುವಾಗ ‘ನೋಹಾ, ಬಾರೋ’ ಅಂತ ಕೊನೆ ಎಳೆದರೆ ಕೇಳಲೂ ಚೆನ್ನ.

ಎರಡು ಎಚ್ಚರಿಕೆ. ಹಕಾರ ಬಿಡುವ ಆಡುಮಾತಿನಲ್ಲಿ, ಅಂದರೆ ಹಾಲನ್ನು ‘ಆಲು’ ಅನ್ನುವ ಕಡೆ, ನೋಹ ಮತ್ತೆ ‘ನೋವ’ ಆಗಬಹುದು. ಮನೆಯವರ ಮಾತು ಹಾಗಿದ್ದರೆ ಮೊದಲು ಅವರ ಬಾಯಲ್ಲೇ ಹೇಳಿಸಿ ಕೇಳಿ. ಎರಡನೆಯದು ಬರವಣಿಗೆಯದು. ನೋಹ ಮತ್ತು ನೇಹ ಪಕ್ಕಪಕ್ಕ ಬರೆದು ನೋಡಿ: ಎತ್ವ ಇದೆ, ಕೊನೆಗೆ ದೀರ್ಘ ಇದೆ, ನಡುವಿನ ಒಂದು ಕೊಂಬು ಇದ್ದರೆ ನೋ, ಇಲ್ಲದಿದ್ದರೆ ನೇ. ಕೈಬರಹದ ಅರ್ಜಿಯಲ್ಲಿ ಆ ಕೊಂಬು ಮಸುಕಾದರೆ ನೋಡಿದವರು ಗೊತ್ತಿರುವ ಹೆಸರು ‘ನೇಹ’ ಅಂತ ಟೈಪ್ ಮಾಡುತ್ತಾರೆ, ಗಂಡು ಮಗುವಿನ ದಾಖಲೆಯಲ್ಲಿ ಹೆಣ್ಣಿನ ಹೆಸರು ಕೂರುತ್ತೆ. ಬಾಯಲ್ಲಿ ಹೇಳಿ ಬರೆಸಿದರೆ ‘ಮೋಹ’ ಆಗುವ ಸಂಭವವೂ ಇದೆ. ಬಿಡಿ ಅಕ್ಷರದಲ್ಲಿ ದೊಡ್ಡದಾಗಿ ಬರೆದು ಕೊಡಿ.

ತೊಟ್ಟಿಲು ಮರುಪ್ರಶ್ನೆ:

ಎಲ್ಲರಿಗೂ ಧನ್ಯವಾದ. ‘ಖೆನ್’ ವಿಷಯ ಓದಿ ಮನೆಯಲ್ಲಿ ಎಲ್ಲರಿಗೂ ಖುಷಿಯಾಯಿತು. ಎರಡು ಪ್ರಶ್ನೆ ಉಳಿದಿವೆ. ಇಂಗ್ಲಿಷಿನಲ್ಲಿ ಒಂದು ಉಚ್ಚಾರ, ಕನ್ನಡದಲ್ಲಿ ‘ನೋಹ’ ಅಂತ ಇನ್ನೊಂದು ಉಚ್ಚಾರ ಇಟ್ಟರೆ ದಾಖಲೆಗಳಲ್ಲಿ ತೊಡಕಾಗುತ್ತಾ? ಬೇರೆ ಸಮುದಾಯಗಳಲ್ಲಿ ಈ ಹೆಸರನ್ನು ಹೇಗೆ ಕರೆಯುತ್ತಾರೆ?

ಕಡಲಂಚು ಉತ್ತರ:

ಎರಡನೆಯದಕ್ಕೆ ಮೊದಲು. ಅರಬ್ಬಿಯಲ್ಲಿ ಇದೇ ಹೆಸರು ‘ನೂಹ್’. ಆ ಭಾಷೆಯಲ್ಲಿ ಹೆತ್‌ಗೆ ಸಮನಾದ ಅಕ್ಷರ ಇನ್ನೂ ಆಳದ ‘ಹ್’ ಆಗಿಯೇ ಉಳಿದಿದೆ, ಹಾಗಾಗಿ ಹೀಬ್ರೂವಿನ ಹಳೆಯ ಧ್ವನಿ ಕೇಳಬೇಕೆಂದರೆ ಅರಬ್ಬಿಯಲ್ಲಿ ಕೇಳಬೇಕು. ಕುರ್‌ಆನ್‌ನ 71ನೇ ಅಧ್ಯಾಯದ ಹೆಸರೇ ನೂಹ್, 28 ವಚನ. 29ನೇ ಅಧ್ಯಾಯದಲ್ಲಿ ಆತ ತನ್ನ ಜನರ ನಡುವೆ ಸಾವಿರಕ್ಕೆ ಐವತ್ತು ಕಡಿಮೆ ವರ್ಷ ಇದ್ದ ಅಂತ ಬರುತ್ತೆ. ಕರ್ನಾಟಕದ ಮುಸ್ಲಿಮರಲ್ಲೂ ಹೆಸರಿನ ರೂಪ ನೂಹ್. ‘ನೋವಿನ’ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಗ್ರೀಕರ ಬಾಯಲ್ಲಿ ಗಂಟಲ ಧ್ವನಿ ಬಿದ್ದು ‘ನೋಎ’ ಆಯಿತು. ಲ್ಯಾಟಿನ್, ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್ ಎಲ್ಲ ಅದೇ ದಾರಿ.

ನಮ್ಮ ಅಕ್ಕಪಕ್ಕದ ಭಾಷೆಗಳನ್ನು ನೋಡಿದರೆ ಸ್ವಾರಸ್ಯ ಇದೆ. ಮಲಯಾಳ ಬೈಬಲ್ಲಿನಲ್ಲಿ ನಮ್ಮ ಹಾಗೇ ‘ನೋಹ’. ತೆಲುಗಿನಲ್ಲಿ ‘ನೋವಹು’, ವಕಾರವೂ ಇದೆ, ಹಕಾರವೂ ಇದೆ. ತಮಿಳಿನಲ್ಲಿ ‘ನೋವಾ’. ತಮಿಳಿನಲ್ಲೂ ‘ನೋವು’ ಅನ್ನುವ ಪದ ಅದೇ ಅರ್ಥದಲ್ಲಿದೆ, ಆದರೂ ಅಲ್ಲಿನ ಕ್ರೈಸ್ತರಲ್ಲಿ ಹೆಸರು ತಲೆಮಾರುಗಳಿಂದ ನಡೆದುಕೊಂಡು ಬಂದಿದೆ. ಆದ್ದರಿಂದ ಒತ್ತಕ್ಷರ ಅವರ ಮಾತಿಗೆ ನನ್ನದು ಪೂರ್ತಿ ಒಪ್ಪಿಗೆಯಿಲ್ಲ. ಕಿವಿ ಪಳಗಿದ ಮೇಲೆ ಹೆಸರು ಹೆಸರಾಗಿಯೇ ಕೇಳಿಸುತ್ತೆ. ಬೆಂಗಳೂರಿನಲ್ಲಿ ತಮಿಳು, ತೆಲುಗು, ಮಲಯಾಳ ಮೂರೂ ಮಾತಾಡುವ ಸಭೆಗಳಿರುವುದರಿಂದ ಒಂದೇ ಊರಿನಲ್ಲಿ ಈ ಮೂರೂ ರೂಪ ಸಿಗುತ್ತವೆ.

ಯೆಹೂದಿಗಳಲ್ಲಿ ಈ ಹೆಸರಿಗೆ ಹಿಂದಿನಿಂದಲೂ ಒಂದು ಹಿಂಜರಿಕೆ ಇದೆ. ಆದಿಕಾಂಡ 6:9ರಲ್ಲಿ ಆತ ‘ತನ್ನ ತಲೆಮಾರಿನಲ್ಲಿ’ ನೀತಿವಂತ ಅಂತಿದೆ. ಇದು ಹೊಗಳಿಕೆಯೋ, ಅಥವಾ ಕೆಟ್ಟವರ ನಡುವೆ ಮಾತ್ರ ಒಳ್ಳೆಯವನು ಅನ್ನುವ ಮಿತಿಯೋ ಅಂತ ಪಂಡಿತರು ಶತಮಾನಗಳಿಂದ ಚರ್ಚಿಸಿದ್ದಾರೆ. 11ನೇ ಶತಮಾನದ ವ್ಯಾಖ್ಯಾನಕಾರ ರಾಶಿ ಎರಡೂ ಪಕ್ಷವನ್ನು ಬರೆದಿಟ್ಟಿದ್ದಾನೆ. ಅಬ್ರಹಾಂ, ಮೋಶೆ ಹೆಸರಿನಷ್ಟು ಇದು ಹರಡದಿರಲು ಆ ಚರ್ಚೆಯೂ ಒಂದು ಕಾರಣ ಅಂತ ನನಗನಿಸುತ್ತೆ. ಆದರೆ ಅದೇ ಪರಂಪರೆಯಲ್ಲಿ ಇಡೀ ಮನುಕುಲಕ್ಕೆ ‘ನೋಅಖ್‌ನ ಮಕ್ಕಳು’ ಅನ್ನುವ ಹೆಸರಿದೆ. ಎರಡು ನಾಡಿನ ಮನೆಗೆ ಈ ಹೆಸರು ಹೊಂದುತ್ತೆ.

ಒತ್ತಕ್ಷರ ಉತ್ತರ:

ಕಡಲಂಚು ಅವರೇ, ಪಳಗಿದ ಕಿವಿಯ ಮಾತು ಒಪ್ಪುತ್ತೇನೆ. ಆದರೆ ತಮಿಳಿನಲ್ಲಿ ಆ ರೂಪ ಬೈಬಲ್ಲಿನಿಂದಲೇ ಬಂದದ್ದರಿಂದ ಕಿವಿ ಪಳಗಿತು. ಕನ್ನಡದಲ್ಲಿ ಬೈಬಲ್ಲಿನ ರೂಪವೇ ನೋಹ ಆಗಿರುವಾಗ ಇಂಗ್ಲಿಷಿನ ಮೂಲಕ ಸುತ್ತಿ ಬಂದು ನೋವಾ ಯಾಕೆ ಬರೆಯಬೇಕು ಅನ್ನುವುದು ನನ್ನ ವಾದ.

ತೊಟ್ಟಿಲು ಅವರ ದಾಖಲೆ ಪ್ರಶ್ನೆಗೆ: ಎರಡು ಲಿಪಿಯಲ್ಲಿ ಉಚ್ಚಾರ ಸ್ವಲ್ಪ ಬೇರೆಯಾದರೆ ಕಾನೂನಿನ ತೊಡಕಿಲ್ಲ. ಪಾಸ್‌ಪೋರ್ಟ್ ನೋಡುವುದು ಇಂಗ್ಲಿಷ್ ಸ್ಪೆಲಿಂಗನ್ನು. ಅದು ಎಲ್ಲ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು, ಕೊನೆಯ ಎಚ್ ಸಮೇತ. ಒಂದು ಕಡೆ ಎಚ್ ಬಿಟ್ಟುಹೋದರೆ ಅದು ಹೆಣ್ಣಿನ ನೋಆ ಆಗುತ್ತೆ, ಬೇರೆ ಹೆಸರೇ ಆಗುತ್ತೆ.

ಮಗು ಕರ್ನಾಟಕದಲ್ಲಿ ಹುಟ್ಟಿದರೆ ಜನನ ನೋಂದಣಿ 21 ದಿನದೊಳಗೆ ಆಗಬೇಕು. ಆ ಹೊತ್ತಿಗೆ ಹೆಸರು ನಿರ್ಧಾರ ಆಗಿರದಿದ್ದರೂ ನಡೆಯುತ್ತೆ, ಹೆಸರಿನ ಜಾಗ ಖಾಲಿ ಬಿಟ್ಟು ನೋಂದಣಿ ಮಾಡಿಸಿ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಗಡಿಬಿಡಿಯಲ್ಲಿ ತಪ್ಪು ಹೆಸರು ಬರೆಸುವುದಕ್ಕಿಂತ ಖಾಲಿ ಬಿಡುವುದು ವಾಸಿ. ತಿದ್ದುಪಡಿಗೆ ಪುರಾವೆ ಕೇಳುತ್ತಾರೆ, ಸೇರ್ಪಡೆಯಷ್ಟು ಸುಲಭವಲ್ಲ.

ಪ್ರಮಾಣಪತ್ರದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುತ್ತೆ. ಮುದ್ರಿಸುವ ಮುಂಚೆ ಪರದೆಯ ಮೇಲೆ ಎರಡನ್ನೂ ನೀವೇ ಓದಿ. ಇಂಗ್ಲಿಷ್ ಸರಿಯಿದ್ದು ಕನ್ನಡದಲ್ಲಿ ನೇಹ, ನೊಹ, ನೋವ ಆಗಿರುವುದು ಆಮೇಲೆ ಶಾಲೆಗೆ ಸೇರಿಸುವಾಗಲೇ ಕಣ್ಣಿಗೆ ಬೀಳುವುದು. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಹುಟ್ಟಿದ ದಿನ, ಸ್ಥಳಕ್ಕೆ ಈ ಪ್ರಮಾಣಪತ್ರವೇ ಮೂಲ ದಾಖಲೆ. ಅದರಲ್ಲಿ ಕೂತ ಅಕ್ಷರ ಮುಂದೆ ಎಲ್ಲ ಕಡೆ ಹೋಗುತ್ತೆ.

ಇಂಗ್ಲೆಂಡಿನಲ್ಲಿ ಹುಟ್ಟಿದರೆ ಅಲ್ಲಿ ನೋಂದಣಿಗೆ 42 ದಿನ. ಅಲ್ಲಿ ಕನ್ನಡ ಬರೆಸುವ ಪ್ರಶ್ನೆ ಇಲ್ಲ, ‘ನೋಹ’ ಮನೆಯೊಳಗಿನ ಹೆಸರಾಗಿ, ತೊಟ್ಟಿಲ ಶಾಸ್ತ್ರದ ಕರೆಯೋಲೆಯಲ್ಲಿ ಇರಲಿ.

ಬೇರುಸೊಲ್ಲು ಉತ್ತರ:

ಒಂದು ಸೇರ್ಪಡೆ. ‘ನೋಅ’ ಅಂತ ಬರೆದರೆ ಆಗದಾ ಅಂತ ಯಾರಾದರೂ ಕೇಳಬಹುದು. ಇಂಗ್ಲಿಷ್ ಉಚ್ಚಾರಕ್ಕೆ ಅದೇ ಅತಿ ಹತ್ತಿರ, ಆದರೆ ಕನ್ನಡದಲ್ಲಿ ಪದದ ನಡುವೆ ಬಿಡಿ ‘ಅ’ ಕಂಡರೆ ಓದುವವರು ಎರಡು ಪದ ಅಂದುಕೊಂಡು ಬಿಡಿಸಿ ಓದುತ್ತಾರೆ, ವಿಭಕ್ತಿ ಹಚ್ಚಿದಾಗ ‘ನೋಅನಿಗೆ’ ಅಂತ ತಡವರಿಸುತ್ತಾರೆ. ನನ್ನ ಮತವೂ ನೋಹನಿಗೇ. ಕರೆಯೋಲೆಯಲ್ಲಿ ಹೆಸರಿನ ಕೆಳಗೆ ಅರ್ಥ ಅಚ್ಚು ಹಾಕಿಸುವುದಾದರೆ ‘ವಿಶ್ರಾಂತಿ’ ಬೇಡ, ಅದು ರಜೆಯ ಹಾಗೆ ಕೇಳುತ್ತೆ. ‘ನೆಮ್ಮದಿ’ ಅಂತ ಹಾಕಿ.